ಬ್ರೇಕ್‌ನಲ್ಲಿ ಕರಗುವ ಪೆಟ್ರೋಲ್: ಕಾರಿನ ಮೈಲೇಜ್ ಹೆಚ್ಚಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಸಾವಿರ ಕೆಜಿ ತೂಕದ ಕಾರನ್ನು ನಿಂತಲ್ಲಿಂದ ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ತರಲು ಎಷ್ಟು ಪೆಟ್ರೋಲ್ ಬೇಕು? ಇಂಜಿನ್ ತಾನು ಸುಡುವ ಇಂಧನದ ಕಾಲು ಭಾಗವನ್ನು ಮಾತ್ರ ಚಲನೆಗೆ ತಿರುಗಿಸುತ್ತದೆ ಎಂದು ಹಿಡಿದು ಲೆಕ್ಕ ಹಾಕಿದರೆ ಸುಮಾರು 17 ಮಿಲಿಲೀಟರ್. ಟೀ ಚಮಚದಲ್ಲಿ ಅಳೆದರೆ ಮೂರೂವರೆ ಚಮಚ. ಅಷ್ಟು ಖರ್ಚು ಮಾಡಿ ಗಳಿಸಿದ ವೇಗವನ್ನು ಮುಂದಿನ ಹಂಪ್ ಬಳಿ ಬ್ರೇಕ್ ಒತ್ತಿ ಕಳೆದುಕೊಂಡರೆ, ಅದು ಬ್ರೇಕ್ ಡಿಸ್ಕ್‌ನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಮತ್ತೆ ಹೊರಡಲು ಇನ್ನೊಂದು ಮೂರೂವರೆ ಚಮಚ. ಇಂತಹ ಅರವತ್ತು ನಿಲುಗಡೆಗಳಿಗೆ ಒಂದು ಲೀಟರ್ ಮುಗಿಯುತ್ತದೆ.

ಮೈಲೇಜ್ ಬಗ್ಗೆ ಮಾತು ಬಂದಾಗ ಜನ ಮೊದಲು ಕೇಳುವುದು ಯಾವ ಬಂಕ್, ಯಾವ ಪೆಟ್ರೋಲ್, ಯಾವ ಬಾಟಲಿ ಸುರಿಯಬೇಕು ಎಂದು. ಬಲಗಾಲು ಏನು ಮಾಡುತ್ತಿದೆ ಎಂದು ಕೇಳುವವರು ಕಡಿಮೆ. ಹಲವು ವರ್ಷಗಳಿಂದ ಒಂದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಓಡಿಸುತ್ತಾ, ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗಲೂ ಲೆಕ್ಕ ಬರೆದಿಟ್ಟು ನಾನು ಕಂಡುಕೊಂಡದ್ದು ಇದು: ಇಂಧನದ ಆಯ್ಕೆಯಿಂದ ಸಿಗುವ ಲಾಭ ಸಣ್ಣದು, ಬ್ರೇಕ್ ಒತ್ತುವ ಸಂದರ್ಭಗಳನ್ನು ಕಡಿಮೆ ಮಾಡಿಕೊಂಡರೆ ಸಿಗುವ ಲಾಭ ದೊಡ್ಡದು. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರ ಮೈಲೇಜ್ ಲೀಟರಿಗೆ 14 ಕಿಲೋಮೀಟರಿನಿಂದ 16ಕ್ಕೆ ಏರಿದರೆ ಸುಮಾರು 9 ಲೀಟರ್ ಉಳಿಯುತ್ತದೆ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 900 ರೂಪಾಯಿ.

ಮೊದಲು ಅಳೆಯಿರಿ

ಅಳತೆಯಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಕೆಲಸಕ್ಕೆ ಬಾರದು. ವಿಧಾನ ಸರಳವಾಗಿದೆ.

1. ಬಂಕ್‌ಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿ. ನಳಿಕೆ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ. ಅದರ ಮೇಲೆ ಹಿಂಡಿ ಹಿಂಡಿ ಹಾಕಿಸಬೇಡಿ. ಹಾಗೆ ಮಾಡಿದರೆ ಲೆಕ್ಕವೂ ಕೆಡುತ್ತದೆ, ಟ್ಯಾಂಕ್‌ನ ಆವಿಯನ್ನು ಹಿಡಿದಿಡುವ ವ್ಯವಸ್ಥೆಯೂ ಹಾಳಾಗಬಹುದು.

2. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ.

3. ಎಂದಿನಂತೆ ಓಡಿಸಿ. ಕನಿಷ್ಠ 300 ಕಿಲೋಮೀಟರ್ ಆಗಲಿ.

4. ಅದೇ ಬಂಕ್‌ಗೆ, ಸಾಧ್ಯವಾದರೆ ಅದೇ ಪಂಪ್‌ಗೆ ಹೋಗಿ ಮತ್ತೆ ಆಟೋ ಕಟ್ ಆಗುವವರೆಗೆ ತುಂಬಿಸಿ. ಓಡಿದ ದೂರವನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. 412 ಕಿಲೋಮೀಟರ್ ಓಡಿ 27.6 ಲೀಟರ್ ಹಿಡಿದಿದ್ದರೆ ನಿಮ್ಮ ಮೈಲೇಜ್ 14.9.

ಒಂದು ಸಲದ ಲೆಕ್ಕವನ್ನು ನಂಬಬೇಡಿ. ನಳಿಕೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಕಟ್ ಆಗುತ್ತದೆ. ನೆಲ ಸ್ವಲ್ಪ ಓರೆಯಿದ್ದರೂ ಅರ್ಧ ಲೀಟರ್ ವ್ಯತ್ಯಾಸವಾಗುತ್ತದೆ. ಸತತ ಮೂರು ಟ್ಯಾಂಕ್‌ಗಳ ಸರಾಸರಿ ತೆಗೆದರೆ ಅದು ನಿಮ್ಮ ಕಾರಿನ ನಿಜವಾದ ಅಂಕಿ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿ ಸಾಮಾನ್ಯವಾಗಿ ಇದಕ್ಕಿಂತ ಸ್ವಲ್ಪ ಉದಾರವಾಗಿಯೇ ಇರುತ್ತದೆ. ಆದರೂ ಅದನ್ನು ತಿರಸ್ಕರಿಸಬೇಡಿ, ಚಾಲನೆಯ ಪಾಠ ಕಲಿಯುವಾಗ ಅದೇ ಒಳ್ಳೆಯ ಗುರು.

ಜಾಹೀರಾತಿನಲ್ಲಿ ಬರುವ ಅಂಕಿಯ ಜೊತೆ ಹೋಲಿಸಿ ಬೇಸರ ಮಾಡಿಕೊಳ್ಳಬೇಡಿ. ಅದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, ನಿಗದಿತ ವೇಗದ ಪಟ್ಟಿಯಂತೆ 1,180 ಸೆಕೆಂಡ್ ಓಡಿಸಿ ಪಡೆದ ಸಂಖ್ಯೆ. ಅಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಏಸಿ ಇಲ್ಲ, ಏರು ಇಲ್ಲ, ಹೆಬ್ಬಾಳದ ಸಾಲೂ ಇಲ್ಲ. ನೀವು ಹೋಲಿಸಬೇಕಾದದ್ದು ನಿಮ್ಮದೇ ಕಾರಿನ ಕಳೆದ ತಿಂಗಳ ಅಂಕಿಯ ಜೊತೆ.

ಬಂಕ್‌ನಲ್ಲಿ

ನೂರರ ಬದಲು 110 ರೂಪಾಯಿಗೆ, 500ರ ಬದಲು 520ಕ್ಕೆ ಹಾಕಿಸಿದರೆ ಅಳತೆ ಸರಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಪಂಪ್ ಅಳೆಯುವುದು ಲೀಟರನ್ನು. ಮೊತ್ತವನ್ನು ಅದು ಲೀಟರಿನಿಂದ ಗುಣಿಸಿ ತೋರಿಸುತ್ತದೆ ಅಷ್ಟೆ. ಮೋಸ ಮಾಡಬೇಕೆಂದಿರುವ ಪಂಪ್ 110ಕ್ಕೂ ಮಾಡುತ್ತದೆ. ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎಂಬ ಮಾತಿನಲ್ಲಿ ಭೌತಶಾಸ್ತ್ರ ಸ್ವಲ್ಪ ಇದೆ. ಪೆಟ್ರೋಲ್ ಒಂದು ಡಿಗ್ರಿಗೆ ಸುಮಾರು ಶೇಕಡ 0.1ರಷ್ಟು ಹಿಗ್ಗುತ್ತದೆ. ಆದರೆ ಬಂಕ್‌ನ ಟ್ಯಾಂಕ್ ನೆಲದಡಿ ಇರುವುದರಿಂದ ಅಲ್ಲಿನ ಉಷ್ಣತೆ ಬೆಳಗಿನಿಂದ ಮಧ್ಯಾಹ್ನಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಈ ಆಸೆಗೆ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಅಳತೆಯ ಬಗ್ಗೆ ಅನುಮಾನ ಬಂದರೆ ಮಾಡಬೇಕಾದ ಕೆಲಸ ಬೇರೆ ಇದೆ. ಪ್ರತಿ ಬಂಕ್‌ನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರ್ ಅಳತೆಯ ಪಾತ್ರೆ ಇರಬೇಕು. ಗ್ರಾಹಕರು ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್ ಆಚೀಚೆಯಾದರೆ ಅದು ನಿಯಮದ ಮಿತಿಯೊಳಗಿದೆ. ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡುವ ಹಕ್ಕು ನಿಮಗಿದೆ. ದನಿ ಏರಿಸದೆ, ಸೌಜನ್ಯದಿಂದಲೇ ಕೇಳಿ. ಪಾತ್ರೆ ತರಿಸಿ ನೋಡುವುದು ಯಾರನ್ನೂ ಅವಮಾನಿಸಿದಂತೆ ಅಲ್ಲ.

ಯಾವ ಪೆಟ್ರೋಲ್?

ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು: ಆಕ್ಟೇನ್ ಮತ್ತು ಪೆಟ್ರೋಲಿಗೆ ಬೆರೆಸುವ ಮದ್ಯಸಾರವಾದ ಎಥೆನಾಲ್.

ಆಕ್ಟೇನ್ ಸಂಖ್ಯೆ ಇಂಧನದ ಶಕ್ತಿಯನ್ನು ಸೂಚಿಸುವುದಿಲ್ಲ. ಒತ್ತಡಕ್ಕೆ ಸಿಕ್ಕಾಗ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣವನ್ನು ಸೂಚಿಸುತ್ತದೆ. ತಡೆದುಕೊಳ್ಳದಿದ್ದರೆ ಏರಿನಲ್ಲಿ ಇಂಜಿನ್‌ನಿಂದ ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತಹ ಟಕಟಕ ಸದ್ದು ಬರುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು. ಈಗಿನ ಇಂಜಿನ್‌ಗಳಲ್ಲಿ ಅದನ್ನು ಗ್ರಹಿಸುವ ಸೆನ್ಸರ್ ಇದ್ದು, ಕಿಡಿಯನ್ನು ತುಸು ತಡವಾಗಿಸಿ ಇಂಜಿನ್ನನ್ನು ಕಾಪಾಡುತ್ತದೆ. ನಿಮ್ಮ ಕಾರಿನ ಕೈಪಿಡಿ ಕೇಳುವ ಆಕ್ಟೇನ್‌ಗಿಂತ ಹೆಚ್ಚಿನದನ್ನು ಹಾಕಿಸಿದರೆ ಸಾಮಾನ್ಯ ಇಂಜಿನ್‌ಗೆ ಅದನ್ನು ಬಳಸಿಕೊಳ್ಳುವ ದಾರಿಯೇ ಇಲ್ಲ. ಟರ್ಬೊ ಇರುವ, ಕೈಪಿಡಿಯಲ್ಲೇ ಹೆಚ್ಚಿನ ಆಕ್ಟೇನ್ ಶಿಫಾರಸು ಮಾಡಿರುವ ಕಾರುಗಳ ವಿಷಯ ಬೇರೆ. ಬೇಸಿಗೆಯಲ್ಲಿ, ಪೂರ್ತಿ ಜನ ತುಂಬಿ ಘಾಟಿ ಹತ್ತುವಾಗ ಅವುಗಳಿಗೆ ಅದು ನೆರವಾಗುತ್ತದೆ.

ನಮ್ಮ ಸಾಧಾರಣ ಪೆಟ್ರೋಲಿನ ಆಕ್ಟೇನ್ ಹಿಂದೆ 88 ಇತ್ತು, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ಮಾನದಂಡದ ಹೊತ್ತಿಗೆ 91ಕ್ಕೆ ಬಂತು. ಶೇಕಡ 20 ಎಥೆನಾಲ್ ಬೆರೆತ ಮೇಲೆ ಅದು 95 ಎಂದು 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಹೀಗಿರುವಾಗ ಬರೀ 95 ಎಂಬ ಸಂಖ್ಯೆ ನೋಡಿ ದುಬಾರಿ ಪೆಟ್ರೋಲ್ ಹಾಕಿಸುವ ಮೊದಲು ಒಂದು ಲೆಕ್ಕ ಮಾಡಿ. ಲೀಟರಿಗೆ 100 ರೂಪಾಯಿ ಇರುವಲ್ಲಿ 8 ರೂಪಾಯಿ ಹೆಚ್ಚು ಕೊಟ್ಟರೆ, ಮೈಲೇಜ್ ಶೇಕಡ 8ರಷ್ಟು ಏರಿದಾಗ ಮಾತ್ರ ಹಾಕಿದ ಹಣ ವಾಪಸ್ ಬರುತ್ತದೆ. 15 ಕೊಡುವ ಕಾರು 16.2 ಕೊಡಬೇಕು. ಮೂರು ಟ್ಯಾಂಕ್ ಅದನ್ನೇ ಹಾಕಿಸಿ ಅಳೆದು ನೋಡಿ. ನನ್ನ ಕಾರಿನಲ್ಲಿ ಕಂಡ ವ್ಯತ್ಯಾಸ ಎರಡು ಟ್ಯಾಂಕ್‌ಗಳ ನಡುವೆ ಸಹಜವಾಗಿ ಬರುವ ಏರಿಳಿತಕ್ಕಿಂತ ಹೆಚ್ಚಿರಲಿಲ್ಲ. ಅಂದಿನಿಂದ ಸಾಧಾರಣ ಪೆಟ್ರೋಲೇ ಹಾಕಿಸುತ್ತಿದ್ದೇನೆ.

ಇನ್ನು ಎಥೆನಾಲ್. ಶೇಕಡ 20 ಮಿಶ್ರಣದ ಇ20 ಪೆಟ್ರೋಲ್ 2023ರ ಫೆಬ್ರವರಿ 6ರಂದು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಈಗ ದೇಶದ ಬಹುತೇಕ ಬಂಕ್‌ಗಳಲ್ಲಿ ಸಿಗುವುದು ಅದೇ, ಬೇಡವೆನ್ನುವ ಆಯ್ಕೆ ಸಾಮಾನ್ಯ ಗ್ರಾಹಕನಿಗೆ ಇಲ್ಲವೆನ್ನುವಷ್ಟು ಕಡಿಮೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ರಲ್ಲಿ ಶೇಕಡ 6ರಿಂದ 7ರಷ್ಟು ಶಕ್ತಿ ಕಡಿಮೆ. ನಾವು ಇ20ಗೆ ಮೊದಲು ಹಾಕಿಸುತ್ತಿದ್ದ ಶೇಕಡ 10 ಮಿಶ್ರಣಕ್ಕೆ ಹೋಲಿಸಿದರೆ ಸುಮಾರು ಶೇಕಡ 3.5 ಕಡಿಮೆ. ನೀತಿ ಆಯೋಗದ 2021ರ ವರದಿಯ ಅಂದಾಜಿನಂತೆ, ಶುದ್ಧ ಪೆಟ್ರೋಲಿಗೆಂದು ತಯಾರಾಗಿ ಶೇಕಡ 10 ಮಿಶ್ರಣಕ್ಕೆ ಹೊಂದಿಸಲಾದ ಕಾರುಗಳಲ್ಲಿ ಮೈಲೇಜ್ ಶೇಕಡ 6ರಿಂದ 7ರಷ್ಟು ಇಳಿಯುತ್ತದೆ, ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇಕಡ 1ರಿಂದ 2.

ಶಕ್ತಿ ಕಡಿಮೆಯಿದ್ದರೂ ಲೀಟರಿನ ಬೆಲೆ ಇಳಿದಿಲ್ಲ ಎಂಬ ಕಾರು ಮಾಲೀಕರ ಅಸಮಾಧಾನ ನ್ಯಾಯವಾದದ್ದೇ. ಆದರೆ 15 ಕೊಡುತ್ತಿದ್ದ ಕಾರು 12ಕ್ಕೆ ಇಳಿದರೆ ಅದು ಶೇಕಡ 20ರ ಕುಸಿತ. ಅಷ್ಟನ್ನೂ ಎಥೆನಾಲ್ ತಲೆಗೆ ಕಟ್ಟಿ ಸುಮ್ಮನಾದರೆ ಕಾರಿನ ನಿಜವಾದ ಕಾಯಿಲೆ ಹಾಗೆಯೇ ಉಳಿಯುತ್ತದೆ. ಈ ಮಾತಿಗೆ ಮುಂದೆ ನನ್ನದೇ ಉದಾಹರಣೆ ಕೊಡುತ್ತೇನೆ.

ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಇ10 ಅಥವಾ ಇ20 ಎಂಬ ಚೀಟಿ ಇದೆಯೇ ನೋಡಿ. ಹಳೆಯ ಕಾರಾಗಿದ್ದರೆ ಸರ್ವಿಸ್ ಸಮಯದಲ್ಲಿ ಇಂಧನದ ರಬ್ಬರ್ ಪೈಪ್‌ಗಳನ್ನು, ಸೀಲ್‌ಗಳನ್ನು ಪರೀಕ್ಷಿಸಲು ಹೇಳಿ. ಎಥೆನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ಮನೆಮುಂದೆ ನಿಲ್ಲುವ ಕಾರಿನ ಟ್ಯಾಂಕನ್ನು, ವಿಶೇಷವಾಗಿ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ, ಅರ್ಧ ಖಾಲಿ ಬಿಡಬೇಡಿ.

ಸಿಎನ್‌ಜಿ ಯೋಚಿಸುತ್ತಿರುವವರಿಗೆ ಒಂದು ಎಚ್ಚರಿಕೆ. ಅದರ ಮೈಲೇಜ್ ಹೇಳುವುದು ಕೆಜಿಗೆ. ಒಂದು ಕೆಜಿ ಸಿಎನ್‌ಜಿಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿಯಿದೆ. ಆದ್ದರಿಂದ ಕೆಜಿಗೆ 27 ಎಂಬುದನ್ನು ಲೀಟರಿಗೆ 18ರ ಪಕ್ಕದಲ್ಲಿಟ್ಟು ಬೆರಗಾಗಬೇಡಿ. ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕಿ. ದಿನಕ್ಕೆ 50, 60 ಕಿಲೋಮೀಟರ್ ಓಡಿಸುವವರಿಗೆ ಲಾಭವಿದೆ, ಭಾನುವಾರ ಮಾತ್ರ ಕಾರು ತೆಗೆಯುವವರಿಗೆ ಇಲ್ಲ. ಡೀಸೆಲ್ ಲೀಟರಿಗೆ ಹೆಚ್ಚು ದೂರ ಓಡುತ್ತದೆ ನಿಜ. ಆದರೆ ದಿನಾ ಮೂರು ಕಿಲೋಮೀಟರ್ ದೂರದ ಶಾಲೆಗೆ ಮಕ್ಕಳನ್ನು ಬಿಟ್ಟು ಬರುವ ಕಾರಾದರೆ, ಬಿಎಸ್ 6 ಡೀಸೆಲ್‌ನ ಹೊಗೆಶೋಧಕ ಮಸಿ ಕಟ್ಟಿಕೊಂಡು ಖರ್ಚಿಗೆ ಬರುತ್ತದೆ.

ಟ್ಯಾಂಕಿಗೆ ಸುರಿಯುವ ಬಾಟಲಿಗಳು, ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತಗಳ ತಂಟೆಗೆ ಹೋಗಬೇಡಿ. ಅದೇ ಹಣಕ್ಕೆ ಒಂದು ಒಳ್ಳೆಯ ಟಯರ್ ಗೇಜ್ ಬರುತ್ತದೆ.

ಚಕ್ರ ಸರಾಗವಾಗಿ ಉರುಳುತ್ತಿದೆಯೇ?

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಇಬ್ಬರಿದ್ದಾಗ ಎಷ್ಟು ಗಾಳಿ, ಕಾರು ತುಂಬಿದಾಗ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಪಂಕ್ಚರ್ ಅಂಗಡಿಯವರು ಎಲ್ಲ ಕಾರಿಗೂ ಒಂದೇ ಅಂಕಿ ಹಾಕುವುದುಂಟು. ನೀವೇ ಸ್ಟಿಕ್ಕರ್ ಓದಿ ಹೇಳಿ. ಬೆಳಿಗ್ಗೆ ಕಾರು ತೆಗೆಯುವ ಮೊದಲು, ಟಯರ್ ತಣ್ಣಗಿರುವಾಗ ಅಳೆದರೆ ಅಂಕಿ ಸರಿಯಾಗಿ ಸಿಗುತ್ತದೆ. ಓಡಿ ಬಿಸಿಯಾದ ಟಯರ್ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚೇ ತೋರಿಸುತ್ತದೆ. ಒತ್ತಡ ಒಂದು ಪಿಎಸ್‌ಐ ಇಳಿದರೆ ಇಂಧನ ಬಳಕೆ ಸುಮಾರು ಶೇಕಡ 0.2ರಷ್ಟು ಏರುತ್ತದೆ. ಅಂಕಿ ಪುಟ್ಟದು, ಆದರೆ ಹತ್ತು ಪಿಎಸ್‌ಐ ಕಡಿಮೆಯಿದ್ದರೂ ಅದು ಮಾಲೀಕರ ಗಮನಕ್ಕೆ ಬಾರದೆ ಓಡುತ್ತಿರುವ ಕಾರುಗಳು ಎಷ್ಟೋ ಇವೆ. ಮೈಲೇಜ್ ಆಸೆಗೆ ಸ್ಟಿಕ್ಕರ್ ಹೇಳಿದ್ದಕ್ಕಿಂತ ಹೆಚ್ಚು ತುಂಬಿಸಬೇಡಿ. ಮಳೆಯಲ್ಲಿ ನೆಲ ಕಚ್ಚುವ ಹಿಡಿತ ಕಡಿಮೆಯಾಗುತ್ತದೆ, ಬ್ರೇಕ್ ಹಾಕಿದಾಗ ನಿಲ್ಲುವ ದೂರ ಹೆಚ್ಚುತ್ತದೆ.

ಈಗ ನನ್ನ ಉದಾಹರಣೆ. ಒಮ್ಮೆ ಎರಡು ಟ್ಯಾಂಕ್‌ಗಳ ಅವಧಿಯಲ್ಲಿ ಮೈಲೇಜ್ 16ರಿಂದ 13ಕ್ಕೆ ಬಿತ್ತು. ನಾನು ಪೆಟ್ರೋಲನ್ನೇ ಶಂಕಿಸಿ ಎರಡು ಬಂಕ್ ಬದಲಾಯಿಸಿದೆ. ಕೊನೆಗೆ ತುಮಕೂರಿನಿಂದ ಬರುವಾಗ ನೇರವಾಗಿ ಪರಿಚಯದ ಮೆಕ್ಯಾನಿಕ್ ಬಳಿ ಹೋದೆ. ಅವರು ಬಾನೆಟ್ ತೆಗೆಯಲೇ ಇಲ್ಲ. "ಸರ್, ಪೆಟ್ರೋಲ್ ವಿಷಯ ಆಮೇಲೆ ನೋಡೋಣ. ಒಂದೊಂದು ಚಕ್ರದ ಹತ್ತಿರವೂ ಅಂಗೈ ಹಿಡಿಯಿರಿ, ಮುಟ್ಟಬೇಡಿ" ಎಂದರು. ಹಿಡಿದೆ. ಹಿಂದಿನ ಎರಡೂ ಬೆಚ್ಚಗಿದ್ದವು, ಮುಂದಿನ ಬಲಗಡೆಯದು ಸ್ವಲ್ಪ ಬಿಸಿ. ಮುಂದಿನ ಎಡ ಚಕ್ರದ ಬಳಿ ಒಲೆಯ ಮುಂದೆ ಕೈ ಹಿಡಿದಂತಾಯಿತು, ಸುಟ್ಟ ವಾಸನೆಯೂ ಬರುತ್ತಿತ್ತು. ಜಾಕ್ ಹಾಕಿ ಎತ್ತಿದ ಮೇಲೆ ಬಲ ಚಕ್ರ ಒಂದು ಕೈಯಲ್ಲಿ ತಳ್ಳಿದರೆ ತಿರುಗಿತು. ಎಡ ಚಕ್ರ ಎರಡು ಕೈ ಹಾಕಿ ಎಳೆದರೂ ಕಿರ್ರೆಂದು ಅರ್ಧ ಸುತ್ತಿಗೆ ನಿಂತಿತು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಡಿಕೆಯ, ಅಂದರೆ ಬ್ರೇಕ್ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡಿದು ಜಾಮ್ ಆಗಿ, ಬ್ರೇಕ್ ಪ್ಯಾಡ್ ಹಗಲಿರುಳೂ ಡಿಸ್ಕನ್ನು ಸವರುತ್ತಲೇ ಇತ್ತು. ನಾನು ಬ್ರೇಕ್ ಒತ್ತದಿದ್ದಾಗಲೂ ಕಾರು ಬ್ರೇಕ್ ಹಾಕಿಕೊಂಡೇ ಓಡುತ್ತಿತ್ತು. ಪಿನ್ ಉಜ್ಜಿ ಗ್ರೀಸ್ ಹಚ್ಚಿದ ಮೇಲೆ ಮುಂದಿನ ಟ್ಯಾಂಕ್‌ನಲ್ಲಿ ಮೈಲೇಜ್ ಮೊದಲಿನ ಜಾಗಕ್ಕೆ ಮರಳಿತು.

ನೀವೂ ತಿಂಗಳಿಗೊಮ್ಮೆ ಹೀಗೆ ಮಾಡಿ. ಹೆಚ್ಚು ಬ್ರೇಕ್ ಬಳಸದ ಹತ್ತು ಹದಿನೈದು ಕಿಲೋಮೀಟರ್ ಓಟದ ನಂತರ ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ಹೋಲಿಸಿ. ಎಡಬಲದ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ತಡಮಾಡದೆ ಗ್ಯಾರೇಜ್‌ಗೆ ಹೋಗಿ. ಅದು ಹಣದ ಮಾತಷ್ಟೇ ಅಲ್ಲ, ಪ್ರಾಣದ ಮಾತು.

ಉಳಿದ ನಿರ್ವಹಣೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಇಂಜಿನ್ ಆಯಿಲ್ ಕೈಪಿಡಿ ಹೇಳಿದ ಗ್ರೇಡ್‌ನದೇ ಇರಲಿ. 0ಡಬ್ಲ್ಯೂ-20 ಎಂಬ ತೆಳು ಆಯಿಲ್ ಬೇಕಾದ ಇಂಜಿನ್‌ಗೆ ದಪ್ಪನೆಯದು ಒಳ್ಳೆಯದೆಂದು 20ಡಬ್ಲ್ಯೂ-50 ಹಾಕಿಸಿದರೆ ಇಂಜಿನ್ ತನ್ನ ಆಯಿಲನ್ನೇ ಕಲಕಲು ಪೆಟ್ರೋಲ್ ಸುಡುತ್ತದೆ. ಹಳದಿ ಇಂಜಿನ್ ದೀಪ ಹೊತ್ತಿಕೊಂಡರೆ ವಾರಗಟ್ಟಲೆ ಬಿಡಬೇಡಿ. ಆಮ್ಲಜನಕ ಸೆನ್ಸರ್ ಕೆಟ್ಟರೆ ಬೇರಾವ ಲಕ್ಷಣವೂ ಕಾಣದೆ ಪೆಟ್ರೋಲ್ ಬಳಕೆ ಗಣನೀಯವಾಗಿ ಏರಬಹುದು. ಡಿಕ್ಕಿಯಲ್ಲಿ ವರ್ಷಗಳಿಂದ ಕುಳಿತಿರುವ ಸಾಮಾನು ಇಳಿಸಿ. 45 ಕೆಜಿಗೆ ಸುಮಾರು ಶೇಕಡ 1ರಂತೆ ಅದು ಬಾಡಿಗೆ ವಸೂಲಿ ಮಾಡುತ್ತದೆ.

ನಗರದಲ್ಲಿ ಬಲಗಾಲು

ಮುಂದಿನ ಕಾರಿನ ಬ್ರೇಕ್ ದೀಪವನ್ನಷ್ಟೇ ನೋಡುತ್ತಾ ಓಡಿಸಿದರೆ ನಿಮ್ಮ ಕಾಲು ಅವರ ಕಾಲನ್ನೇ ಅನುಕರಿಸುತ್ತದೆ. ಅವರ ಮುಂದಿನದನ್ನು, ಅದರ ಮುಂದಿನದನ್ನು, ಇನ್ನೂರು ಮೀಟರ್ ಆಚೆಯ ಸಿಗ್ನಲನ್ನು ನೋಡಿ. ಕೆಂಪು ಕಂಡ ಕ್ಷಣವೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಗೇರ್ ಹಾಗೆಯೇ ಇರಲಿ. ಇಂದಿನ ಇಂಜೆಕ್ಷನ್ ಇಂಜಿನ್‌ಗಳಲ್ಲಿ, ಗೇರ್‌ನಲ್ಲಿದ್ದು ಕಾಲು ಪೂರ್ತಿ ತೆಗೆದರೆ, ಇಂಜಿನ್ ವೇಗ ಐಡಲ್ (ಕಾರು ನಿಂತಿದ್ದಾಗ ಇಂಜಿನ್ ಸುಮ್ಮನೆ ಓಡುವ ವೇಗ) ಸಮೀಪಕ್ಕೆ ಇಳಿಯುವ ತನಕ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆ ನೂರು, ನೂರೈವತ್ತು ಮೀಟರ್ ನಿಮಗೆ ಉಚಿತ. ನೀವು ಮೆಲ್ಲಗೆ ಉರುಳಿ ತಲುಪುವಷ್ಟರಲ್ಲಿ ಸಿಗ್ನಲ್ ಹಸಿರಾದರೆ ಎರಡನೇ ಗೇರ್‌ನಲ್ಲೇ ಮುಂದುವರಿಯಬಹುದು, ಪೂರ್ತಿ ನಿಂತು ಹೊರಡುವ ಚಮಚಗಳೂ ಉಳಿದವು.

ಇದನ್ನು ಕಲಿಯಲು ಒಂದು ಅಭ್ಯಾಸವಿದೆ. ಮನೆಯಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಎಷ್ಟು ಸಲ ಬ್ರೇಕ್ ಒತ್ತಿದಿರಿ ಎಂದು ಒಂದು ದಿನ ಎಣಿಸಿ. ಮರುದಿನ ಅದರಲ್ಲಿ ಹತ್ತು ಕಡಿಮೆ ಮಾಡಲು ನೋಡಿ. ಸುರಕ್ಷತೆಗೆ ಬೇಕಾದ ಬ್ರೇಕನ್ನು ಎಂದಿಗೂ ಉಳಿಸಬೇಡಿ. ಮುಂದಿನ ವಾಹನದಿಂದ ಅಂತರ ಹೆಚ್ಚಿಸಿಕೊಂಡರೆ ಬೇಡದ ಬ್ರೇಕ್‌ಗಳು ತಾವಾಗಿಯೇ ಕಡಿಮೆಯಾಗುತ್ತವೆ. ಸಿಲ್ಕ್ ಬೋರ್ಡ್ ಅಥವಾ ಟಿನ್ ಫ್ಯಾಕ್ಟರಿಯ ಸಾಲಿನಲ್ಲೂ ಅಷ್ಟೆ. ಮುಂದೆ ಎರಡು ಕಾರಿನಷ್ಟು ಜಾಗ ಬಿಟ್ಟು ಮೊದಲ ಗೇರ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟು ತೆವಳಿದರೆ, ಪಕ್ಕದವರು ಹತ್ತು ಸಲ ನಿಂತು ಹೊರಡುವಲ್ಲಿ ನೀವು ಮೂರು ಸಲ ನಿಲ್ಲುತ್ತೀರಿ. ಆ ಜಾಗಕ್ಕೆ ಆಟೊ ನುಗ್ಗುತ್ತದೆ, ನುಗ್ಗಲಿ ಬಿಡಿ.

ಹೊರಡುವಾಗ ಆಮೆಯಂತೆ ಹೊರಡಬೇಕೆಂಬುದು ತಪ್ಪು ತಿಳಿವಳಿಕೆ. ಹದವಾಗಿ, ನಿಧಾನಿಸದೆ ವೇಗ ಪಡೆದು ಬೇಗ ಮೇಲಿನ ಗೇರ್ ಸೇರುವುದು ಸರಿ. ಪೆಟ್ರೋಲ್ ಕಾರಿನಲ್ಲಿ ಸಮತಟ್ಟು ರಸ್ತೆಯಲ್ಲಿ 2,000 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲಿ ಗೇರ್ ಬದಲಿಸಿ. ಡ್ಯಾಶ್‌ಬೋರ್ಡ್‌ನಲ್ಲಿ ಮೇಲ್ಮುಖ ಬಾಣ ಬರುವ ಕಾರಾದರೆ ಅದರ ಮಾತು ಕೇಳಿ. ಮೇಲಿನ ಗೇರ್‌ನಲ್ಲಿ ಇಂಜಿನ್ ನಡುಗಿದರೆ ಒಂದು ಗೇರ್ ಇಳಿಸಿ, ಎಳೆದಾಡಿಸಬೇಡಿ. ಆಟೋಮ್ಯಾಟಿಕ್ ಕಾರಿನವರು ಬೇಕಾದ ವೇಗ ಬಂದಾಗ ಕಾಲನ್ನು ತುಸು ಸಡಿಲಿಸಿದರೆ ಗೇರ್ ತಾನಾಗಿ ಮೇಲೇರುತ್ತದೆ.

ಸಣ್ಣ ಪೆಟ್ರೋಲ್ ಇಂಜಿನ್ ಸುಮ್ಮನೆ ನಿಂತು ಓಡುತ್ತಿದ್ದರೆ ಗಂಟೆಗೆ ಸುಮಾರು ಮುಕ್ಕಾಲು ಲೀಟರ್ ಕುಡಿಯುತ್ತದೆ, ಏಸಿ ಹಾಕಿದ್ದರೆ ಇನ್ನೂ ಹೆಚ್ಚು. 90 ಸೆಕೆಂಡಿನ ಒಂದು ಸಿಗ್ನಲ್‌ಗೆ ಹತ್ತಿರ ಹತ್ತಿರ 19 ಮಿಲಿಲೀಟರ್ ಆಯಿತು. ಮತ್ತೆ ಸ್ಟಾರ್ಟ್ ಮಾಡಲು ತಗಲುವುದು ಹತ್ತು ಸೆಕೆಂಡಿನ ಐಡಲ್‌ಗೆ ಸಮ. ಹಾಗಾಗಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಖಚಿತವಾಗಿದ್ದರೆ ಆಫ್ ಮಾಡಿ. ಬ್ಯಾಟರಿ ಹಳೆಯದಾಗಿದ್ದರೆ, ಇಳಿಜಾರಿನಲ್ಲಿ ನಿಂತಿದ್ದರೆ ಬೇಡ. ಬೆಳಿಗ್ಗೆ ಐದು ನಿಮಿಷ ನಿಲ್ಲಿಸಿ ಬಿಸಿ ಮಾಡುವ ಅಗತ್ಯವೂ ಈಗಿನ ಕಾರುಗಳಿಗಿಲ್ಲ. ಸ್ಟಾರ್ಟ್ ಮಾಡಿ ಅರ್ಧ ನಿಮಿಷದಲ್ಲಿ ಹೊರಟು, ಮೊದಲ ಎರಡು ಕಿಲೋಮೀಟರ್ ಮೃದುವಾಗಿ ಓಡಿಸಿ. ತಣ್ಣಗಿನ ಇಂಜಿನ್ ಹೆಚ್ಚು ಪೆಟ್ರೋಲ್ ಬೇಡುವುದರಿಂದ ಹಾಲು, ತರಕಾರಿ, ಔಷಧಿಗೆ ಮೂರು ಸಲ ಕಾರು ತೆಗೆಯುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿ. ಒಂದು ಕಿಲೋಮೀಟರ್ ಒಳಗಿನ ಕೆಲಸಕ್ಕೆ ನಡೆದೇ ಹೋಗಬಹುದು.

ಹೆದ್ದಾರಿಯಲ್ಲಿ 80

ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಪಾಲು ಹೆಚ್ಚುತ್ತದೆ, ಗಾಳಿ ತಳ್ಳುವ ಬಲ ಶೇಕಡ 56 ಹೆಚ್ಚುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ 119 ಕಿಲೋಮೀಟರನ್ನು ಒಂದೇ ಸಮ 100ರಲ್ಲಿ ಹೋದರೆ 71 ನಿಮಿಷ, 80ರಲ್ಲಿ ಹೋದರೆ 89 ನಿಮಿಷ. ಹದಿನೆಂಟು ನಿಮಿಷ ಉಳಿಸಲು ಎಷ್ಟು ಪೆಟ್ರೋಲ್ ಕೊಡುತ್ತಿದ್ದೀರಿ ಎಂದು ನೀವೇ ಅಳೆಯಿರಿ. ಹೋಗುವಾಗ 100, ಇನ್ನೊಂದು ವಾರ ಅದೇ ದಾರಿಯಲ್ಲಿ 80. ಡ್ಯಾಶ್‌ಬೋರ್ಡ್‌ನ ಸರಾಸರಿಯನ್ನು ಬಿಡದಿ ದಾಟಿದ ಮೇಲೆ ಸೊನ್ನೆ ಮಾಡಿ ಶ್ರೀರಂಗಪಟ್ಟಣದಲ್ಲಿ ಓದಿಕೊಂಡರೆ ಸಾಕು. ಈ ಒಂದು ಪ್ರಯೋಗ ಮಾಡಿದವರಿಗೆ ಆಮೇಲೆ ಯಾರೂ ಉಪದೇಶ ಮಾಡಬೇಕಾಗುವುದಿಲ್ಲ.

80ರಲ್ಲಿ ಹೋಗುವವರು ಎಡ ಪಥದಲ್ಲಿರಬೇಕು. ಹಿಂದಿನವರ ದಾರಿ ತಡೆದು ಮಾಡುವ ಉಳಿತಾಯ ಬೇಡ. ಲಾರಿಯ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸುವ ತಂತ್ರವನ್ನು ಎಂದೂ ಪ್ರಯತ್ನಿಸಬೇಡಿ. ಛಾವಣಿಯ ಮೇಲಿನ ಕ್ಯಾರಿಯರ್ ಪ್ರವಾಸ ಮುಗಿದ ದಿನವೇ ಬಿಚ್ಚಿಡಿ, ಖಾಲಿಯಿದ್ದರೂ ಅದು ಗಾಳಿಗೆ ಎದೆಯೊಡ್ಡುತ್ತದೆ. ಕ್ರೂಸ್ ಕಂಟ್ರೋಲ್ ಸಮತಟ್ಟಿನಲ್ಲಿ ಒಳ್ಳೆಯದು. ಏರಿಳಿತದ ರಸ್ತೆಯಲ್ಲಿ ನಿಮ್ಮ ಕಾಲೇ ಉತ್ತಮ, ಏಕೆಂದರೆ ಏರಿನ ತುದಿ ನಿಮಗೆ ಕಾಣುತ್ತದೆ, ಅದಕ್ಕೆ ಕಾಣುವುದಿಲ್ಲ.

ಏಸಿಯ ಬಗ್ಗೆ ಇಷ್ಟು: ಊರೊಳಗೆ ನಿಧಾನ ಓಟದಲ್ಲಿ ಕಿಟಕಿ ತೆರೆಯುವುದು ಅಗ್ಗ, ಹೆದ್ದಾರಿಯಲ್ಲಿ ಕಿಟಕಿ ಏರಿಸಿ ಏಸಿ ಹಾಕುವುದೇ ಸರಿ. ಬಿಸಿಲಲ್ಲಿ ನಿಂತ ಕಾರನ್ನು ಹತ್ತಿದ ಕೂಡಲೇ ಏಸಿ ಪೂರ್ತಿ ತಿರುಗಿಸಬೇಡಿ. ಕಿಟಕಿ ಇಳಿಸಿ ಅರ್ಧ ಕಿಲೋಮೀಟರ್ ಓಡಿಸಿ ಒಳಗಿನ ಬಿಸಿ ಗಾಳಿ ಹೊರಹೋದ ಮೇಲೆ ಹಾಕಿ. ತಂಪಾದ ನಂತರ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿ.

ಘಾಟಿ ಇಳಿಯುವಾಗ

ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ನಂಬಿದವರು ಇಂದಿಗೂ ಇದ್ದಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಕಾರ್ಬ್ಯುರೇಟರ್ ಇಂಜಿನ್‌ಗಳಲ್ಲಿ ಕಲಿತ ಹಿರಿಯರಿಂದ ಬಂದ ಪಾಠ ಇದು. ಅಂದಿನ ಇಂಜಿನ್ ಗೇರ್‌ನಲ್ಲಿ ವೇಗವಾಗಿ ತಿರುಗಿದಷ್ಟೂ ಪೆಟ್ರೋಲ್ ಹೀರುತ್ತಿತ್ತು. ಇಂದಿನದು ಗೇರ್‌ನಲ್ಲಿ ಕಾಲು ತೆಗೆದರೆ ಏನನ್ನೂ ಹೀರುವುದಿಲ್ಲ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಜೀವಂತವಿರಲು ಪೆಟ್ರೋಲ್ ಸುಡಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವವರು ಹಣ ಕೊಟ್ಟು ಅಪಾಯ ಕೊಳ್ಳುತ್ತಿದ್ದಾರೆ. ವೇಗ ತಡೆಯುವ ಹೊರೆಯೆಲ್ಲ ಬ್ರೇಕ್ ಮೇಲೆ ಬಿದ್ದು, ಕಾದು ಹೋದ ಪ್ಯಾಡ್‌ಗಳು ತಿರುವಿನಲ್ಲಿ ಹಿಡಿಯದೆ ಕೈಕೊಡಬಹುದು. ಇಂಜಿನ್ನನ್ನೇ ಆಫ್ ಮಾಡಿ ಇಳಿಯುವುದಂತೂ ಆತ್ಮಹತ್ಯೆಗೆ ಸಮ. ಬ್ರೇಕ್‌ನ ಸಹಾಯಕ ಬಲ ಕೆಲವೇ ಒತ್ತಿಗೆ ಮುಗಿಯುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ.

ಹತ್ತಲು ಯಾವ ಗೇರ್ ಬೇಕಾಯಿತೋ ಅದೇ ಗೇರ್‌ನಲ್ಲಿ ಇಳಿಯಿರಿ. ಚಾರ್ಮಾಡಿ, ಆಗುಂಬೆಯ ಮೊನಚು ತಿರುವುಗಳಲ್ಲಿ ಎರಡು, ಶಿರಾಡಿಯ ಉದ್ದ ಇಳಿಜಾರುಗಳಲ್ಲಿ ಮೂರು ಸಾಮಾನ್ಯವಾಗಿ ಹೊಂದುತ್ತದೆ. ಇಂಜಿನ್ ಗುಂಯ್ ಎಂದು ಕೂಗಿದರೆ ಹೆದರಬೇಡಿ, ಅದು ಕಾರನ್ನು ಹಿಡಿದಿಟ್ಟುಕೊಂಡಿರುವ ಸದ್ದು. ಹತ್ತುವಾಗ ಲಾರಿಯ ಹಿಂದೆ ಸಿಕ್ಕಿಕೊಂಡರೆ ಹಿಂದೆ ಉಳಿದು ಒಂದೇ ಹದದಲ್ಲಿ ಏರಿ. ಪ್ರತಿ ತಿರುವಿಗೂ ನುಗ್ಗಿ, ಮತ್ತೆ ಬ್ರೇಕ್ ಹಾಕಿ ಹಿಂದೆ ಸರಿಯುವುದೇ ಘಾಟಿಯಲ್ಲಿ ಅತಿ ಹೆಚ್ಚು ಪೆಟ್ರೋಲ್ ತಿನ್ನುವ ಚಾಲನೆ.

ಪುಸ್ತಕದ ಲೆಕ್ಕ

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ, ಯಾವುದರಿಂದ ಎಷ್ಟು ಉಳಿಯಿತು ಎಂಬುದು ತಿಳಿಯುವುದಿಲ್ಲ. ಗ್ಲೋವ್ ಬಾಕ್ಸ್‌ನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾಂಕ, ಓಡಿದ ದೂರ, ಹಿಡಿದ ಲೀಟರ್, ಊರೊಳಗೆ ಹೆಚ್ಚೋ ಹೆದ್ದಾರಿ ಹೆಚ್ಚೋ, ಏಸಿ ಇತ್ತೋ ಇಲ್ಲವೋ: ಇಷ್ಟು ಬರೆದರೆ ಸಾಕು. ಮೊದಲ ಮೂರು ಟ್ಯಾಂಕ್ ಏನನ್ನೂ ಬದಲಿಸದೆ ಅಳೆಯಿರಿ. ಆಮೇಲೆ ಟಯರ್ ಗಾಳಿ ಸರಿಪಡಿಸಿ ಒಂದು ಟ್ಯಾಂಕ್, ಬ್ರೇಕ್ ಎಣಿಸುವ ಅಭ್ಯಾಸದಿಂದ ಎರಡು ಟ್ಯಾಂಕ್, ಹೆದ್ದಾರಿಯಲ್ಲಿ 80ರ ಶಿಸ್ತಿನಿಂದ ಇನ್ನೊಂದು. ಇಂಧನ ಬದಲಿಸಿ ನೋಡುವ ಆಸೆಯಿದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ನಿಮ್ಮ ಕಾಲು ಹದಕ್ಕೆ ಬಂದಿರುತ್ತದೆ, ಆಗ ಕಾಣುವ ವ್ಯತ್ಯಾಸ ಪೆಟ್ರೋಲಿನದೇ ಆಗಿರುತ್ತದೆ.

ಸತತ ಎರಡು ಟ್ಯಾಂಕ್‌ಗಳಲ್ಲಿ ಅಂಕಿ ಶೇಕಡ 10ಕ್ಕಿಂತ ಹೆಚ್ಚು ಇಳಿದರೆ ಹುಡುಕುವ ಕ್ರಮ ಹೀಗಿರಲಿ: ಮೊದಲು ಟಯರ್ ಗಾಳಿ, ನಂತರ ಚಕ್ರಗಳ ಬಿಸಿ, ನಂತರ ಡ್ಯಾಶ್‌ಬೋರ್ಡ್‌ನ ಹಳದಿ ದೀಪ, ಆಮೇಲೆ ಬಂಕ್‌ನ 5 ಲೀಟರ್ ಪಾತ್ರೆ. ನೋಟ್‌ಬುಕ್ಕನ್ನು ಮೆಕ್ಯಾನಿಕ್ ಕೈಗೆ ಕೊಡಿ. "ಯಾಕೋ ಮೈಲೇಜ್ ಬರುತ್ತಿಲ್ಲ" ಎಂಬ ಮಾತಿಗಿಂತ, ಯಾವ ದಿನಾಂಕದಿಂದ 16 ಇದ್ದದ್ದು 13 ಆಯಿತು ಎಂಬ ಒಂದು ಸಾಲು ಅವರಿಗೆ ಹೆಚ್ಚು ಹೇಳುತ್ತದೆ.